ಟ್ರೈಲರಿನ ಚಕ್ರ ಎಣಿಸುವ ಬದಲು ಟಿಪ್ಪರಿನ ಆಕ್ಸಲ್ ತೂಗಲಿ

ಮಾನ್ಯ ಸಂಪಾದಕರೇ,

ಟ್ರಾನ್ಸ್‌ಫಾರ್ಮರಿನಂಥ ಭಾರೀ ಯಂತ್ರಗಳನ್ನು ಹೊತ್ತ ಬಹು ಆಕ್ಸಲ್ (ಚಕ್ರಗಳನ್ನು ಜೋಡಿಸಿದ ಅಚ್ಚು) ಟ್ರೈಲರುಗಳು ಗಡಿಯ ತಲಪಾಡಿ ದಾಟಿ ಬಂದಾಗಲೆಲ್ಲ, ಇಷ್ಟೊಂದು ಚಕ್ರದ ಗಾಡಿ ಹೋದರೆ ನಮ್ಮ ರಸ್ತೆ ಉಳಿದೀತೇ ಎಂಬ ಆಕ್ಷೇಪ ಮಂಜೇಶ್ವರ, ಉಪ್ಪಳ, ಕುಂಬಳೆ ಪೇಟೆಗಳಲ್ಲಿ ಕೇಳಿಬರುತ್ತದೆ. ಆತಂಕ ಸಹಜವೇ ಆದರೂ ಅದರ ಗುರಿ ತಪ್ಪಿದೆಯೆಂದು ನನ್ನ ಅಭಿಪ್ರಾಯ.

ಡಾಮರನ್ನು ಕೆಡಿಸುವುದು ಗಾಡಿಯ ಒಟ್ಟು ತೂಕಕ್ಕಿಂತ ಹೆಚ್ಚಾಗಿ ಒಂದೊಂದು ಆಕ್ಸಲಿನ ಮೇಲೆ ಬೀಳುವ ಭಾರ. ಇಂಥ ಹೈಡ್ರಾಲಿಕ್ ಟ್ರೈಲರಿನಲ್ಲಿ ಚಕ್ರಗಳ ಒಂದೊಂದು ಅಡ್ಡಸಾಲಿಗೆ ಸಾಮಾನ್ಯವಾಗಿ 8 ಟಯರುಗಳಿದ್ದು, ಸಾಲುಗಳ ಸಿಲಿಂಡರುಗಳು ಎಣ್ಣೆಯ ಕೊಳವೆಗಳಿಂದ ಒಂದಕ್ಕೊಂದು ಜೋಡಿಕೊಂಡಿರುವುದರಿಂದ, ಒಂದೆರಡು ಚಕ್ರ ಹೊಂಡಕ್ಕಿಳಿದರೂ ಭಾರ ಎಲ್ಲಕ್ಕೂ ಹಂಚಿಹೋಗುತ್ತದೆ. ಸ್ವಂತ ತೂಕವೂ ಸೇರಿ 180 ಟನ್ ಇರುವ 12 ಸಾಲಿನ ಟ್ರೈಲರಿನಲ್ಲಿ ಒಂದು ಟಯರಿನ ಪಾಲು 2 ಟನ್ನಿಗೂ ಕಡಿಮೆ. 2018ರ ಕೇಂದ್ರ ಅಧಿಸೂಚನೆ 4 ಟಯರಿನ ಒಂಟಿ ಆಕ್ಸಲಿಗೆ ಹಾಕಿದ ಮಿತಿ 11.5 ಟನ್, ಅಂದರೆ ಟಯರಿಗೆ ಸುಮಾರು 2.9 ಟನ್. ಹಾನಿಯು ಆಕ್ಸಲ್ ಭಾರದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಅದರಂತೆ ಇದೇ 4 ಟಯರಿನ ಆಕ್ಸಲಿನ ಮೇಲೆ 15 ಟನ್ ಹೇರಿದರೆ ಹಾನಿ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಅಪರೂಪಕ್ಕೊಮ್ಮೆ ಬರುವ ಟ್ರೈಲರಿಗಿಂತ, ದಿನವೂ ಜಲ್ಲಿ, ಕೆಂಪುಕಲ್ಲುಗಳನ್ನು ಅಂಚು ಮೀರಿ ತುಂಬಿಕೊಂಡು ಪಂಚಾಯತ್ ರಸ್ತೆಗಳಲ್ಲಿ ಓಡುವ ಟಿಪ್ಪರುಗಳನ್ನೇ ನಾವು ಮೊದಲು ತಡೆದು ಕೇಳಬೇಕಿತ್ತು. ಅವುಗಳಿಗೆ ಚಕ್ರ ಕಡಿಮೆ, ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ.

ಸೇತುವೆಯ ಮಾತು ಬೇರೆ. ಅಲ್ಲಿ ಎರಡು ಕಂಬಗಳ ನಡುವಿನ ಒಂದು ಅಂಕಣದ ಮೇಲೆ ಒಮ್ಮೆಗೆ ನಿಲ್ಲುವ ಒಟ್ಟು ತೂಕವೂ ಮುಖ್ಯವಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೇತುವೆ ವಿನ್ಯಾಸದ ಸಂಹಿತೆಯಲ್ಲಿ 385 ಟನ್ನಿನ ವಿಶೇಷ ವಾಹನವನ್ನು ಲೆಕ್ಕಕ್ಕೆ ಹಿಡಿದಿರುವುದು, ಅದು ಸೇತುವೆಯ ಅಗಲದ ನಡುವಿನಲ್ಲೇ, ಗಂಟೆಗೆ 5 ಕಿ.ಮೀ. ಮೀರದೆ, ಬೇರೆ ವಾಹನಗಳಿಲ್ಲದಾಗ ದಾಟುತ್ತದೆಂಬ ಷರತ್ತಿನ ಮೇಲೆ. ಹಿಂದಿನಿಂದ ಹಾರ್ನ್ ಹಾಕುತ್ತ ಬರುವ ಬಸ್ಸುಗಳನ್ನು ಈಚೆ ದಡದಲ್ಲೇ ನಿಲ್ಲಿಸದಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಸರ್ವಿಸ್ ರಸ್ತೆಯ ಅಂಚಿನಲ್ಲಿ ಚರಂಡಿಗೆ ಮುಚ್ಚಿದ ಸ್ಲ್ಯಾಬುಗಳ ಮೇಲೆ ಇಂಥ ಗಾಡಿ ಹತ್ತಿಸುವುದಂತೂ ಸಲ್ಲದು.

ಆದುದರಿಂದ ಟ್ರೈಲರ್ ಸಾಗುವ ದಿನ, ಹೊತ್ತು, ದಾರಿಗಳನ್ನು ಜಿಲ್ಲಾಡಳಿತವು ಮುಂಚಿತವಾಗಿ ಕನ್ನಡದಲ್ಲಿಯೂ ಪ್ರಕಟಿಸಿ, ಅದು ಸೇತುವೆ ದಾಟುವಷ್ಟು ಹೊತ್ತು ಉಳಿದ ಸಂಚಾರವನ್ನು ತಡೆಹಿಡಿಯಬೇಕು. ಟಿಪ್ಪರುಗಳನ್ನು ಕ್ರಷರಿನ ಗೇಟಿನಲ್ಲೇ, ಆಕ್ಸಲ್ ಲೆಕ್ಕದಲ್ಲಿ, ತೂಗಿ ಬಿಡುವ ಏರ್ಪಾಡು ಮಾಡಬೇಕೆಂದು ಈ ಮೂಲಕ ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಉಪ್ಪಳ