ಗೋಡೆ ಮೇಲಿನ ಎಂಟು ಜನ

ಪ್ರೀತಿಯ ತಂಗಿಗೆ,

ಮೊನ್ನೆ ಮನೆಗೆ ಬಂದಾಗ ನೀನು ಕಾಫಿ ಲೋಟ ಹಿಡಿದುಕೊಂಡೇ ನನ್ನ ಮೇಜಿನ ಮೇಲ್ಗಡೆ ಇರುವ ಚಿತ್ರವನ್ನು ನೋಡುತ್ತಾ ನಿಂತಿದ್ದೆ. "ಯಾರಣ್ಣ ಇವರೆಲ್ಲ? ಡಾಕ್ಟರುಗಳಾ?" ಅಂತ ಕೇಳಿದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು ಅಂತ ಓಡಿದೆ. ನೀನು ಕೊಟ್ಟು ಹೋದ ಕೆರೆಯ ಲೇಖನವನ್ನು ರಾತ್ರಿ ಎರಡು ಸಲ ಓದಿದೆ. ಅದರ ಬಗ್ಗೆ ನಾನು ಹೇಳಬೇಕಾದ್ದೆಲ್ಲ ಆ ಚಿತ್ರದಲ್ಲೇ ಇದೆ. ಅದಕ್ಕೇ ಈ ಪತ್ರ.

ಜಾನ್ ಕುಕ್ ಅನ್ನುವ ಕಲಾವಿದ 1915ರಲ್ಲಿ ಬರೆದ ತೈಲಚಿತ್ರದ ಪ್ರಿಂಟು ಅದು. ಮೂಲ ಚಿತ್ರ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯದು, ಅಂದರೆ ಅಲ್ಲಿನ ಭೂವಿಜ್ಞಾನಿಗಳ ಸಂಘದ್ದು. ಎಂಟು ಜನ ಒಂದು ಮೇಜಿನ ಸುತ್ತ ಸೇರಿದ್ದಾರೆ. ಬಿಳಿ ಕೋಟು ಹಾಕಿ ಕೂತವರು ಆರ್ಥರ್ ಕೀತ್, ದೇಹರಚನೆಯ ದೊಡ್ಡ ತಜ್ಞ. ಅವರ ಮುಂದೆ ತಲೆಬುರುಡೆ. ಹಿಂದೆ ನಿಂತು ಬೆರಳು ಮಾಡಿ ತೋರಿಸುತ್ತಿರುವವರು ಮಿದುಳಿನ ತಜ್ಞ ಗ್ರಾಫ್ಟನ್ ಎಲಿಯಟ್ ಸ್ಮಿತ್. ಅವರ ಪಕ್ಕ ಚಾರ್ಲ್ಸ್ ಡಾಸನ್, ಆಚೆಗೆ ಲಂಡನ್ನಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂನ ಆರ್ಥರ್ ಸ್ಮಿತ್ ವುಡ್‌ವರ್ಡ್. ಗೋಡೆಯ ಮೇಲೆ ಡಾರ್ವಿನ್ ಪಟ. ಎಲ್ಲರ ಮುಖದಲ್ಲೂ ಗಾಂಭೀರ್ಯ, ಎಲ್ಲರ ಗಮನವೂ ಆ ಬುರುಡೆಯ ಸುತ್ತಲೇ.

ಆ ಬುರುಡೆ ಸುಳ್ಳು, ತಂಗಿ.

ಡಾಸನ್ ಸಸೆಕ್ಸ್ ಕಡೆಯ ವಕೀಲ. ಹಳೆಯ ವಸ್ತು ಹುಡುಕುವ ಹವ್ಯಾಸ. ಪಿಲ್ಟ್‌ಡೌನ್ ಎಂಬ ಊರಿನ ಜಲ್ಲಿಗುಂಡಿಯಲ್ಲಿ ಸಿಕ್ಕಿತು ಅಂತ ಬುರುಡೆಯ ಚೂರುಗಳನ್ನು ತಂದರು. 1912ರ ಡಿಸೆಂಬರ್ 18ರಂದು ಅವರೂ ವುಡ್‌ವರ್ಡ್ ಅವರೂ ಅದನ್ನು ಮನುಷ್ಯನ ಪೂರ್ವಜನ ಬುರುಡೆ ಅಂತ ಸೊಸೈಟಿಯ ಸಭೆಯ ಮುಂದಿಟ್ಟರು. ಮನುಷ್ಯನದ್ದೇ ಎನ್ನಿಸುವ ತಲೆ, ವಾನರನ ದವಡೆ. ಮಿದುಳು ಮೊದಲು ಬೆಳೆಯಿತು, ಉಳಿದದ್ದು ಆಮೇಲೆ ಅಂತ ಅಲ್ಲಿನ ಎಷ್ಟೋ ತಜ್ಞರು ನಂಬಿದ್ದರು. ಅವರು ಕಾಯುತ್ತಿದ್ದದ್ದು ಇಂಥದ್ದನ್ನೇ. ಅದೂ ಇಂಗ್ಲೆಂಡಿನ ಮಣ್ಣಲ್ಲೇ ಸಿಕ್ಕಿತಲ್ಲ! ನಿಜಾಂಶ ಹೊರಬಂದದ್ದು 1953ರಲ್ಲಿ. ಬುರುಡೆ ಕೆಲವೇ ನೂರು ವರ್ಷ ಹಿಂದಿನ ಮನುಷ್ಯನದ್ದು. ದವಡೆ ಒರಾಂಗುಟಾನಿನದ್ದು. ಹಳೆಯದಾಗಿ ಕಾಣಲಿ ಅಂತ ಬಣ್ಣ ಕಟ್ಟಿದ್ದರು.

ಮೋಸ ಹೇಗೆ ಬಯಲಾಯಿತು ಗೊತ್ತಾ? ಕೆನೆತ್ ಓಕ್ಲಿ, ಜೋಸೆಫ್ ವೈನರ್, ಲ ಗ್ರೋ ಕ್ಲಾರ್ಕ್ ಎಂಬ ಮೂವರು ವಿಜ್ಞಾನಿಗಳು ಆ ದವಡೆಯ ಹಲ್ಲುಗಳನ್ನೇ ಹತ್ತಿರದಿಂದ ನೋಡಿದರು. ಜಗಿದು ಸವೆದ ಹಲ್ಲಿನ ಅಂಚು ನುಣ್ಣಗೆ ಉರುಟಾಗಿರುತ್ತೆ. ಇಲ್ಲಿ ಅಂಚು ಚೂಪಾಗಿತ್ತು. ಅಕ್ಕಪಕ್ಕದ ಎರಡು ದವಡೆಹಲ್ಲು ಒಂದೇ ಸಮಕ್ಕೆ ಸವೆದಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಗೀರುಗಳು ಕಂಡವು, ಅರದಿಂದ ಉಜ್ಜಿದ ಗೀರುಗಳು. ಮೇಲಿನ ಕಂದು ಪದರ ಕೆರೆದರೆ ಒಳಗೆ ಬೆಳ್ಳಗಿತ್ತು. ಆ ಗೀರುಗಳು 41 ವರ್ಷ ಅಲ್ಲೇ ಇದ್ದವು.

ಮತ್ತೆ ಯಾರಿಗೂ ಕಾಣಲಿಲ್ಲ ಯಾಕೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಚಿತ್ರದ ಹಿಂದಿನ ಸಾಲಿನಲ್ಲಿ ಬಾರ್ಲೋ ಎಂಬುವರು ಇದ್ದಾರೆ. ಅವರ ಕೆಲಸ ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುವುದು. ಮೂಲ ಬುರುಡೆ ಮ್ಯೂಸಿಯಂನಲ್ಲಿ ಭದ್ರವಾಗಿತ್ತು. ಬಹುಪಾಲು ವಿದ್ವಾಂಸರ ಕೈಗೆ ಬಂದದ್ದು ಅಚ್ಚು. ಅದನ್ನು ಅಳೆದರು, ಅದರ ಮೇಲೆ ಬರೆದರು, ಬರೆದದ್ದರ ಮೇಲೆ ಮತ್ತೆ ಬರೆದರು. ಪ್ಲಾಸ್ಟರಿನಲ್ಲಿ ಆಕಾರ ಬರುತ್ತೆ. ಕೂದಲೆಳೆಯಂಥ ಗೀರು, ಬಣ್ಣದ ಕೆಳಗಿನ ಬಿಳುಪು ಬರೋದಿಲ್ಲ.

ಈಗ ನಿನ್ನ ಲೇಖನ. ಕೆರೆ ಏರಿಯ ಮೇಲಿನ ಶಾಸನದ ನಾಲ್ಕು ಸಾಲು ಹಾಕಿದ್ದೀಯ. ಆ ಕಲ್ಲನ್ನು ನೀನು ನೋಡಿಲ್ಲ, ಅಲ್ವಾ? ಕಲ್ಲು ಎಷ್ಟೆತ್ತರ, ವಾಲಿದೆಯಾ, ಯಾರಾದರೂ ಕುಂಕುಮ ಹಚ್ಚುತ್ತಾರಾ, ಒಂದೂ ಇಲ್ಲ. ಯಾರೋ ಬರೆದದ್ದನ್ನು ಇನ್ಯಾರೋ ಎತ್ತಿಕೊಂಡಿದ್ದಾರೆ, ಅಲ್ಲಿಂದ ನೀನು ಎತ್ತಿಕೊಂಡಿದ್ದೀಯ. ನಾನೂ ಇದೇ ತಪ್ಪು ಮಾಡಿದವನು. ಮೂವತ್ತು ದಾಟಿರಲಿಲ್ಲ ಆಗ. ಒಂದು ವೀರಗಲ್ಲಿನ ಬಗ್ಗೆ ಫೋಟೋ ನೋಡಿ ಬರೆದೆ, ಹುಲಿಯೊಡನೆ ಕಾದಿ ಸತ್ತ ವೀರ ಅಂತ ಎರಡು ಪುಟ. ವಾರದೊಳಗೆ ಆ ಊರಿನ ಮೇಷ್ಟ್ರ ಕಾರ್ಡು ಬಂತು. "ಸ್ವಾಮಿ, ಅದು ಹುಲಿ ಅಲ್ಲ, ಹಂದಿ. ಒಮ್ಮೆ ಬಂದು ನೋಡಿ, ಊಟ ನಮ್ಮಲ್ಲೇ." ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ.

ಇನ್ನೊಂದು ಮಾತು, ಇದು ಸ್ವಲ್ಪ ಕಷ್ಟದ್ದು. ವುಡ್‌ವರ್ಡ್ ಬುರುಡೆಯನ್ನು ಜೋಡಿಸುವಾಗ ಕೋರೆಹಲ್ಲು ಇರಲಿಲ್ಲ. ಅದು ಹೀಗಿರಬೇಕು ಅಂತ ಊಹೆಯಿಂದ ಮಾಡಿದರು. ಮುಂದಿನ ಬೇಸಿಗೆ, 1913ರ ಆಗಸ್ಟಿನಲ್ಲಿ, ಹೆಚ್ಚೂಕಡಿಮೆ ಹಾಗೇ ಇರುವ ಕೋರೆಹಲ್ಲು ಅದೇ ಗುಂಡಿಯಲ್ಲಿ ಸಿಕ್ಕಿತು. ಅದಕ್ಕೂ ಅರ ಹಾಕಿತ್ತು. ಬೇಕು ಅಂದದ್ದು ಬೇಕಾದ ಹಾಗೇ ಬಂತು, ಅನುಮಾನ ಪಡುವ ಬದಲು ಸಂತೋಷಪಟ್ಟರು. ದವಡೆ ವಾನರನದ್ದು ಅಂತ ದೇಹರಚನೆಯ ತಜ್ಞ ಡೇವಿಡ್ ವಾಟರ್‌ಸ್ಟನ್ ಅದೇ ವರ್ಷ ಹೇಳಿದ್ದರು. ಆ ಮಾತಿಗೆ ಆಗ ಬೆಲೆ ಸಿಗಲಿಲ್ಲ.

ನಿನ್ನ ಲೇಖನದ ಕೊನೆಯಲ್ಲಿ ಒಬ್ಬ ಅಜ್ಜ ಬರುತ್ತಾರೆ. "ಕೆರೆ ಬತ್ತಿದರೆ ಊರಿನ ಕಣ್ಣೇ ಬತ್ತಿದ ಹಾಗೆ ಮಗಾ" ಅನ್ನುತ್ತಾರೆ. ಲೇಖನಕ್ಕೆ ಏನು ಬೇಕಿತ್ತೋ ಅದೇ ಮಾತು, ಬೇಕಾದ ಜಾಗದಲ್ಲೇ. ಆ ಮಾತು ಅಜ್ಜ ಆಡಿದ್ದಾ, ನೀನು ಆಡಿಸಿದ್ದಾ? ನನಗೆ ಉತ್ತರ ಬೇಡ, ನಿನಗೆ ಗೊತ್ತಿದ್ದರೆ ಸಾಕು. ಆಡಿಸಿದ್ದಾದರೆ ತೆಗೆದುಬಿಡು. ಸುಮ್ನೆ ಒಂದು ಸಾಲು, ಯಾರಿಗೇನು ನಷ್ಟ ಅನ್ನಬೇಡ. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನಲ್ಲಿ ಒಂದು ಮಗುವಿನ ಬುರುಡೆ ಸಿಕ್ಕಿತು. ಸಣ್ಣ ಮಿದುಳು, ಮನುಷ್ಯನಿಗೆ ಹತ್ತಿರದ ಹಲ್ಲು. ಅಲ್ಲಿನ ದೇಹರಚನೆಯ ಪ್ರಾಧ್ಯಾಪಕ ರೇಮಂಡ್ ಡಾರ್ಟ್ ಅದರ ಮಹತ್ವ ಸಾರಿದರು. ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ, ಕೀತ್ ಕೂಡ. ನಿಜವಾದದ್ದು ಬಾಗಿಲಿಗೆ ಬಂದಾಗ ಅದರ ಜಾಗದಲ್ಲಿ ಸುಳ್ಳು ಕೂತಿತ್ತು. ನಿನ್ನ ಅಜ್ಜ ನಿಜವಾಗಿ ಏನು ಹೇಳಿದರು? ಮೋಟಾರು ಕೆಟ್ಟದ್ದು, ಮೊಮ್ಮಗನ ಮದುವೆ, ಮಂಡಿನೋವು? ಅದನ್ನೇ ಬರಿ. ಅದರಲ್ಲೇ ಕೆರೆ ಇರುತ್ತೆ.

ವುಡ್‌ವರ್ಡ್ ನೆನೆದರೆ ನನಗೆ ಸಂಕಟ ಆಗುತ್ತೆ. 1916ರಲ್ಲಿ ಡಾಸನ್ ತೀರಿಕೊಂಡರು. ಆಮೇಲೂ ಈ ಮನುಷ್ಯ ವರ್ಷಗಟ್ಟಲೆ ಅಲ್ಲಿ ಅಗೆದರು. ಏನೂ ಸಿಗಲಿಲ್ಲ. 1944ರಲ್ಲಿ, ಅದೇ ನಂಬಿಕೆಯಲ್ಲೇ ತೀರಿಕೊಂಡರು. ಅವರು ಮೋಸಗಾರರಲ್ಲ, ತಂಗಿ. ಆ ಫ್ರೇಮನ್ನು ಕಣ್ಣೆದುರೇ ಹಾಕಿಕೊಂಡದ್ದು ಅವರಿಗಾಗಿ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೋಗು. ಬಿಸಿಲು ಓರೆಯಾಗಿ ಬಿದ್ದಾಗ ಶಾಸನದ ಅಕ್ಷರ ಎದ್ದು ಕಾಣುತ್ತೆ, ಮಧ್ಯಾಹ್ನ ಹೋದರೆ ಬರೀ ಕಲ್ಲು. ಕಲ್ಲನ್ನು ಕೆರೆಯಬೇಡ, ಸುಣ್ಣ ಬಳಿಯಬೇಡ. ಕೈ ಆಡಿಸಿ ನೋಡು. ನಿನ್ನ ನಾಲ್ಕು ಸಾಲಿನಲ್ಲಿ ಅಲ್ಲಿ ಎಷ್ಟು ಇದೆ ಅಂತ ಸಂಜೆ ಫೋನ್ ಮಾಡಿ ಹೇಳು. ಕಾಯ್ತಿರ್ತೀನಿ.

ನಿನ್ನ ಅಣ್ಣ