ಮೂರು ಟಿಕ್ ಹಾಕಿದರೆ ಮೂರೂ ಉಳಿಯಬೇಕು

ಸಂಪಾದಕರೇ,

ಹೋದ ತಿಂಗಳು ನನ್ನ ತಂಗಿ ಒಂದು ಕೆಲಸಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದಳು. ‘ಗೊತ್ತಿರುವ ಭಾಷೆಗಳು’ ಅಂತ ಇದ್ದ ಕಡೆ ಕನ್ನಡ, ತುಳು, ಹಿಂದಿ ಮೂರಕ್ಕೂ ಟಿಕ್ ಹಾಕಿದ್ದನ್ನು ಪಕ್ಕದಲ್ಲಿ ಕೂತು ನಾನೇ ನೋಡಿದ್ದೇನೆ. ಸಂದರ್ಶನಕ್ಕೆ ಹೋದರೆ ಅವರ ಕೈಲಿದ್ದ ಪ್ರಿಂಟ್‌ನಲ್ಲಿ ಹಿಂದಿ ಒಂದೇ ಇತ್ತು. ‘ಕನ್ನಡ ಬರುತ್ತೆ ಅಂತ ನೀವು ಹಾಕೇ ಇಲ್ಲವಲ್ಲಮ್ಮಾ, ಅರ್ಜಿ ಸರಿಯಾಗಿ ತುಂಬಬೇಕಲ್ವಾ’ ಅಂದರಂತೆ. ಹುಟ್ಟಿ ಬೆಳೆದದ್ದೆಲ್ಲ ಮಂಗಳೂರಲ್ಲೇ ಆದ ಹುಡುಗಿ, ಏನು ಹೇಳಬೇಕೋ ತೋಚದೆ ಸುಮ್ನೆ ಎದ್ದು ಬಂದಳು.

ನಾನು ವೆಬ್ ಪ್ರೋಗ್ರಾಮಿಂಗ್ ಮಾಡುವವನು. ಕೇಳಿದ ಕೂಡಲೇ ಅನುಮಾನ ಬಂದದ್ದು ಅರ್ಜಿಯ ಹಿಂದಿರುವ ಕೋಡ್ ಮೇಲೆ. ಚೆಕ್‌ಬಾಕ್ಸ್‌ಗಳಿಗೆಲ್ಲ ಒಂದೇ ಹೆಸರಿದ್ದರೂ ಬ್ರೌಸರ್ ಟಿಕ್ ಹಾಕಿದ್ದನ್ನೆಲ್ಲ ಕಳಿಸುತ್ತದೆ, ಪುಟದಲ್ಲಿ ಇರುವ ಕ್ರಮದಲ್ಲೇ: ಭಾಷೆ=ಕನ್ನಡ, ಭಾಷೆ=ತುಳು, ಭಾಷೆ=ಹಿಂದಿ. ಆದರೆ ಅರ್ಜಿ ಹೋಗಿ ಸೇರುವ ಕಂಪ್ಯೂಟರ್, ಅಂದರೆ ಸರ್ವರ್‌ನಲ್ಲಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದ್ದು, ಫಾರ್ಮ್‌ನಲ್ಲಿ ಆ ಹೆಸರಿನ ಕೊನೆಗೆ [] ಹಾಕುವುದು ಮರೆತರೆ, ಒಂದರ ಮೇಲೊಂದು ಬರೆದುಕೊಂಡು ಕೊನೆಯದಷ್ಟೇ ಉಳಿಯುತ್ತದೆ. ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಾಧನವಾದ ಜಾಂಗೋದಲ್ಲಿ ‘ಗೆಟ್‌ಲಿಸ್ಟ್’ ಅನ್ನುವ ಆದೇಶದ ಬದಲು ಬರೀ ‘ಗೆಟ್’ ಬಳಸಿದರೂ ಇದೇ ಕಥೆ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಗೆಟ್‌ಪ್ಯಾರಾಮೀಟರ್’ ಅಂದರೆ ಮೊದಲನೆಯದು ಮಾತ್ರ ಸಿಗುತ್ತದೆ, ಎಲ್ಲವೂ ಬೇಕಾದರೆ ‘ಗೆಟ್‌ಪ್ಯಾರಾಮೀಟರ್‌ವ್ಯಾಲ್ಯೂಸ್’ ಅನ್ನಬೇಕು. ಎಲ್ಲೂ ಎರರ್ ಬರಲ್ಲ, ‘ಅರ್ಜಿ ಸಲ್ಲಿಕೆಯಾಗಿದೆ’ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಟಿಕ್ ಹಾಕದ ಬಾಕ್ಸ್ ಬಗ್ಗೆ ಬ್ರೌಸರ್ ಏನನ್ನೂ ಕಳಿಸುವುದೇ ಇಲ್ಲ. ಹಾಗಾಗಿ ‘ಎಸ್ಸೆಮ್ಮೆಸ್ ಬೇಕು’ ಅನ್ನುವ ಬಾಕ್ಸ್‌ನ ಟಿಕ್ ತೆಗೆದು ಸೇವ್ ಮಾಡಿದರೂ, ಏನೂ ಬರದಿದ್ದಾಗ ಹಳೆಯದನ್ನೇ ಇಟ್ಟುಕೊಳ್ಳುವಂತೆ ಕೋಡ್ ಬರೆದಿದ್ದರೆ ಎಸ್ಸೆಮ್ಮೆಸ್ ಬರುತ್ತಲೇ ಇರುತ್ತದೆ.

ಫಾರ್ಮ್ ಮಾಡುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಟಿಕ್ ಹಾಕಿ ನೋಡಿ ಸರಿಯಾಗಿದೆ ಅನ್ನಬೇಡಿ. ಒಂದೂ ಹಾಕದೆ ಕಳಿಸಿ, ಎಲ್ಲವನ್ನೂ ಹಾಕಿ ಕಳಿಸಿ, ಆಮೇಲೆ ಮಾಹಿತಿ ಉಳಿಯುವ ಜಾಗವಾದ ಡೇಟಾಬೇಸ್ ತೆರೆದು ನೋಡಿ. ಅರ್ಜಿದಾರರಿಗೆ ತೋರಿಸುವ ಪ್ರಿವ್ಯೂ ಕೂಡ ಡೇಟಾಬೇಸ್‌ನಲ್ಲಿ ಉಳಿದದ್ದರಿಂದಲೇ ಬರಲಿ. ತಂಗಿಯ ಪರದೆ ಮೇಲೆ ಮೂರೂ ಭಾಷೆ ಕಾಣುತ್ತಿತ್ತು, ಅದನ್ನು ನಂಬಿಯೇ ಅವಳು ಸಬ್ಮಿಟ್ ಒತ್ತಿದ್ದು.

ಹೀಗೆ ಹೋದ ಟಿಕ್ ಡೇಟಾಬೇಸ್‌ನಲ್ಲಿ ಹುಡುಕಿದರೂ ಸಿಗಲ್ಲ. ಹಾಗಾಗಿ ಕೆಲಸ ಕೊಡುವವರೇ, ಬಂದ ಅರ್ಜಿಗಳಲ್ಲೆಲ್ಲ ಒಂದೊಂದೇ ಭಾಷೆ ಕಾಣುತ್ತಿದ್ದರೆ, ಅವನ್ನು ಪಕ್ಕಕ್ಕಿಡುವ ಮೊದಲು ದಯವಿಟ್ಟು ಅಭ್ಯರ್ಥಿಗಳಿಗೆ ಒಂದು ಫೋನ್ ಮಾಡಿ ಕೇಳಿ.

– ಒಬ್ಬ ಓದುಗ, ಮಂಗಳೂರು