ಕಾಲು ನೆಲಕ್ಕೆ ಸಿಗದ ಆ ಹೊತ್ತು

ನಂಜನಗೂಡು

ಚಿ. ಸಿಂಚನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನಗೆ ಫೋನಿನಲ್ಲಿ ತಲುಪಿರುತ್ತದೆ, ಬಿಡುತ್ತೇನೆ. ನೀನು ಕೇಳಿದ್ದು ಅಮ್ಮನನ್ನು ಒಪ್ಪಿಸಿಕೊಡಿ ಎಂದು. ಸಂಗೀತ ಕಾರ್ಯಕ್ರಮ, ಜೊತೆಗೆ ಬರುವ ಗೆಳತಿಯರು, ಟಿಕೆಟ್ ದರ, ರಾತ್ರಿ ವಾಪಸು ಬರುವ ಏರ್ಪಾಡು, ಎಲ್ಲವನ್ನೂ ವಕೀಲರ ಹಾಗೆ ಜೋಡಿಸಿ ಬರೆದಿದ್ದೀಯ. ಅದರ ನಡುವೆ ಒಂದು ಸಾಲು: "ಆವತ್ತು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಬಳಿ ಸ್ವಲ್ಪ ಹೊತ್ತು ನನ್ನ ಕಾಲು ನೆಲಕ್ಕೆ ಸಿಗಲಿಲ್ಲ ದೊಡ್ಡಪ್ಪ, ಹೆದರಿಕೆಗೆ ಹಾಗನ್ನಿಸಿತೇನೋ. ಆದರೆ ಇದು ಹಾಗಲ್ಲ, ಬಯಲು." ಮುಂದಿನ ಎರಡು ಪುಟಗಳನ್ನು ನಾನು ಓದಿದ್ದು ಮಾರನೆಯ ದಿನ.

2025ರ ಜೂನ್ 4ರಂದು ನೀನು ಕಚೇರಿಯಲ್ಲಿದ್ದೆ ಎಂದೇ ನಾವು ನಂಬಿದ್ದೆವು. ಆರ್‌ಸಿಬಿ ಕ್ರಿಕೆಟ್ ತಂಡದ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಹೋದರು ಎಂದು ಟಿವಿಯಲ್ಲಿ ಬಂದಾಗ ನಿನ್ನ ದೊಡ್ಡಮ್ಮ "ಯಾರ ಮನೆ ಮಕ್ಕಳೋ" ಎಂದು ಲೊಚಗುಟ್ಟಿದಳು. ನಮ್ಮ ಮನೆಯ ಮಗುವೂ ಅಲ್ಲೇ ನಿಂತಿತ್ತು ಎಂದು ಈಗ ಗೊತ್ತಾಗುತ್ತಿದೆ. ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಹೇಳಿದ್ದರೆ ನಾವೆಲ್ಲ ಸೇರಿ ನಿನ್ನನ್ನೇ ಬೈಯುತ್ತಿದ್ದೆವು.

ಹೆದರಿಕೆಗೆ ಹಾಗನ್ನಿಸಿದ್ದಲ್ಲ, ಸಿಂಚನಾ. ಒಂದು ಚದರ ಮೀಟರ್ ಜಾಗದಲ್ಲಿ ಆರೇಳು ಜನರಿಗಿಂತ ಹೆಚ್ಚು ಸೇರಿದರೆ ಅಲ್ಲಿ ಯಾರೂ ತಮ್ಮಿಷ್ಟದಂತೆ ಹೆಜ್ಜೆ ಇಡಲಾರರು ಎಂದು ಜನಸಂದಣಿಯನ್ನೇ ಅಧ್ಯಯನ ಮಾಡಿದವರು ಹೇಳುತ್ತಾರೆ. ಎಲ್ಲೋ ಒಂದು ಕಡೆ ನೂಕಿದರೆ ಅದು ಅಲೆಯಾಗಿ ಇಡೀ ಗುಂಪಿನಲ್ಲಿ ಹಾಯುತ್ತದೆ. ಹಗುರ ಮೈಯವರನ್ನು ಎತ್ತಿಯೇ ಬಿಡುತ್ತದೆ. ಅಂಥಲ್ಲಿ ಸಾಯುವವರು ಹೆಚ್ಚಾಗಿ ತುಳಿತಕ್ಕೆ ಸಿಕ್ಕಿ ಸಾಯುವುದಿಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟಿ ಸಾಯುತ್ತಾರೆ, ಕೆಲವರು ನಿಂತಲ್ಲೇ. ಇಷ್ಟು ಬಿಡಿಸಿ ಬರೆಯಬಾರದಿತ್ತೇನೋ. ಆದರೆ ನಿನ್ನ ಕಾಲು ನೆಲ ಬಿಟ್ಟಿದ್ದು ನಿನ್ನ ಪುಕ್ಕಲುತನವಲ್ಲ ಎಂಬುದು ನಿನಗೆ ತಿಳಿಯಬೇಕು.

ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಸವೆದವನು ನಾನು. ದಸರಾ ದಿನಗಳಲ್ಲಿ ಮೈಸೂರಿನ ನಿಲ್ದಾಣ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಬಸ್ಸಿನ ಬಾಗಿಲಿಗೆ ಒತ್ತಿ ನಿಂತವನಿಗೆ ಬಾಗಿಲು ಇನ್ನೂ ಮುಚ್ಚಿದೆ ಎಂದು ಗೊತ್ತು. ಹತ್ತು ಸಾಲು ಹಿಂದೆ ಇರುವವನಿಗೆ ಬಸ್ಸು ಬಂದಿದೆ ಎಂದಷ್ಟೇ ಗೊತ್ತು. ಅವನು ಕೆಟ್ಟವನೇನಲ್ಲ, ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ಆಸೆಯವನು. ಆದರೆ ಅವನ ನೂಕು ಮುಂದಿನವನ ಪಕ್ಕೆಲುಬಿಗೆ ಬರುತ್ತದೆ. ಸುಮಾರು 35,000 ಮಂದಿ ಕೂರುವ ಕ್ರೀಡಾಂಗಣಕ್ಕೆ ಎರಡು ಮೂರು ಲಕ್ಷ ಜನ ಬಂದರು ಎಂದು ಮುಖ್ಯಮಂತ್ರಿಗಳೇ ಹೇಳಿದರಲ್ಲ. ಉಚಿತ ಪ್ರವೇಶವೋ ಪಾಸು ಬೇಕೋ ಎಂಬ ಗೊಂದಲ ಬೇರೆ. ನೀನು ಬಾಗಿಲಿನ ಕಡೆಯವಳಾಗಿದ್ದೆ, ಅಷ್ಟೇ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ 1989ರ ಏಪ್ರಿಲ್ 15ರಂದು ಫುಟ್‌ಬಾಲ್ ಪಂದ್ಯಕ್ಕೆ ಬಂದವರದ್ದೂ ಇದೇ ಕತೆ. ಹೊರಗೆ ಒತ್ತಡ ಹೆಚ್ಚಿತೆಂದು ಪೊಲೀಸರು ಒಂದು ದೊಡ್ಡ ಗೇಟು ತೆರೆಸಿದರು. ಒಳಗೆ ನುಗ್ಗಿದವರು ಸುರಂಗದಂಥ ದಾರಿಯಲ್ಲಿ ಸಾಗಿ, ಆಗಲೇ ಕಿಕ್ಕಿರಿದಿದ್ದ ಆವರಣ ಸೇರಿದರು. ಮುಂದೆ ಕಬ್ಬಿಣದ ಬೇಲಿ. ಒಟ್ಟು 97 ಜೀವ. ಅಭಿಮಾನಿಗಳೇ ಕುಡಿದು ದಾಂಧಲೆ ಮಾಡಿದರು ಎಂಬ ದೂರು ತೊಳೆದುಹೋಗಿ, ಅವರ ತಪ್ಪೇನೂ ಇಲ್ಲ ಎಂದು ಜ್ಯೂರಿ ತೀರ್ಮಾನಿಸುವ ಹೊತ್ತಿಗೆ 2016 ಬಂದಿತ್ತು. ಸತ್ತ ಮಕ್ಕಳ ಅಪ್ಪ ಅಮ್ಮಂದಿರು ಅಲ್ಲಿಯವರೆಗೂ ಆ ಮಾತು ಕೇಳಿಕೊಂಡು ಬದುಕಿದರು. "ನಾನು ಹೋಗಲೇಬಾರದಿತ್ತು" ಎಂದು ನೀನೂ ಬರೆದಿದ್ದೀಯ. ಹದಿನೆಂಟನೆಯ ಪ್ರಯತ್ನಕ್ಕೆ ಕೊನೆಗೂ ಕಪ್ ಗೆದ್ದ ತಂಡವನ್ನು ನೋಡಲು ಹೋಗುವುದು ಅಪರಾಧವೇ?

ಬಯಲು ಎಂಬ ನಿನ್ನ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ 2021ರ ನವೆಂಬರ್ 5ರಂದು ಆಸ್ಟ್ರೋವರ್ಲ್ಡ್ ಎಂಬ ಸಂಗೀತೋತ್ಸವದಲ್ಲಿ 10 ಮಂದಿ ಸತ್ತರು, ಒಬ್ಬ ಒಂಬತ್ತು ವರ್ಷದ ಹುಡುಗ. ಅದೂ ಬಯಲೇ. ಎಲ್ಲರಿಗೂ ವೇದಿಕೆಯ ಹತ್ತಿರವೇ ನಿಲ್ಲಬೇಕೆನ್ನಿಸಿದರೆ, ತಡೆಬೇಲಿಗಳ ನಡುವೆ ಬಯಲೂ ಕೋಣೆಯಾಗುತ್ತದೆ.

ನನಗೆ ಈ ನೂಕು ಗೊತ್ತಾದದ್ದು ನಮ್ಮ ದೊಡ್ಡಜಾತ್ರೆಯಲ್ಲಿ. ಆಗ ನಾನು ಹೈಸ್ಕೂಲು. ದೊಡ್ಡ ತೇರು ಕದಲಿತೆಂದು ರಥಬೀದಿಯಲ್ಲಿ ಕೂಗು ಎದ್ದಿತು. ಎಸೆಯಲು ಇಟ್ಟುಕೊಂಡಿದ್ದ ಹಣ್ಣು ಜವನದ ಗಂಟು ಕೈಜಾರಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದೆ. ಬಗ್ಗಿದವನ ಮೇಲೆ ಕತ್ತಲೆ ಮುಚ್ಚಿಕೊಂಡಿತು. ಬೆವರಿದ ಪಂಚೆಗಳು, ಜಜ್ಜಿದ ಬಾಳೆಹಣ್ಣಿನ ವಾಸನೆ, ಬೆನ್ನ ಮೇಲೆ ಯಾರದೋ ಮೊಣಕಾಲು. ನಮ್ಮ ಸೋದರಮಾವ ಕೂದಲು ಹಿಡಿದು ಮೇಲೆತ್ತಿ, ಅಲ್ಲೇ ಕಪಾಳಕ್ಕೆ ಒಂದು ಬಿಗಿದರು. ಕೆನ್ನೆಯ ಉರಿ ಸಂಜೆಗೆ ಹೋಯಿತು.

ಆಮೇಲೆ ನಾನು ತೇರಿನ ಹತ್ತಿರ ಸುಳಿಯಲಿಲ್ಲ. ನೆಂಟರ ಮಹಡಿಯ ಮೇಲೆ ನಿಂತು ಕೈಮುಗಿಯುತ್ತಿದ್ದೆ. ನಾಟಕಕ್ಕೆ ಹೋದರೂ ಬಾಗಿಲ ಪಕ್ಕದ ಕುರ್ಚಿ, ಮಂಗಳಕ್ಕೆ ಮುಂಚೆ ಎದ್ದು ಬರುವುದು. ನಿಮ್ಮ ತಾತ ಕೊನೆಗಾಲದಲ್ಲಿ ಒಮ್ಮೆ ಹಗ್ಗ ಮುಟ್ಟಬೇಕು, ಕರೆದುಕೊಂಡು ಹೋಗೋ ಎಂದರು. ಮುಂದಿನ ವರ್ಷ ನೋಡೋಣ ಎಂದೆ. ಅವರಿಗೆ ಮುಂದಿನ ವರ್ಷ ಇರಲಿಲ್ಲ. ಬೆಳಗ್ಗೆ ಬೇಗ, ತೇರು ಕದಲುವ ಮುನ್ನ ಹೋಗಿದ್ದರೆ ಹಗ್ಗದ ಹತ್ತಿರ ಅಷ್ಟು ಜನವೇ ಇರುತ್ತಿರಲಿಲ್ಲ. ಅದಕ್ಕೇ ನಿನಗೆ ಹೋಗಬೇಡ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ನಿನ್ನ ಕಾಲಿನ ವಿಷಯಕ್ಕೇ ಬರುತ್ತೇನೆ. ಕಾಲು ನೆಲ ಬಿಟ್ಟ ಮೇಲೆ ಮಾಡಬಹುದಾದ್ದು ಬಹಳ ಕಡಿಮೆ. ಅದಕ್ಕೂ ಎಷ್ಟೋ ಮುಂಚೆ, ಎರಡೂ ಭುಜಕ್ಕೆ ಬೇರೆಯವರ ಭುಜ ತಾಗಿ, ಕೈಯೆತ್ತಿ ಮುಖ ಒರೆಸಿಕೊಳ್ಳುವುದೂ ಕಷ್ಟ ಎನ್ನಿಸಿತಲ್ಲ, ಅದೇ ಹೊರಡುವ ಹೊತ್ತು. ಹಾಡು ಎಷ್ಟೇ ಚೆನ್ನಾಗಿರಲಿ. ನೇರ ಹಿಂದಕ್ಕೆ ಬರಲಾಗದು, ಎದುರಿಗೆ ನೂಕಿದರೆ ಬಲ ಸೋರುತ್ತದೆ. ಒಂದು ಅಲೆ ಹಾಯ್ದು ಇನ್ನೊಂದು ಬರುವ ನಡುವೆ ಓರೆಯಾಗಿ ಅಂಚಿನ ಕಡೆ ಸರಿಯಬೇಕು. ಕೈಗಳನ್ನು ಮಡಿಸಿ ಎದೆಯ ಮುಂದೆ ಇಟ್ಟುಕೊ, ಉಸಿರಿಗೆ ಒಂದಿಷ್ಟು ಜಾಗ ಉಳಿಯುತ್ತದೆ. ಕಿರುಚಬೇಡ. ಮೊಬೈಲ್ ಬಿದ್ದರೂ ಚಪ್ಪಲಿ ಕಳಚಿದರೂ ಬಗ್ಗಬೇಡ. ಬಿದ್ದೇ ಬಿಟ್ಟು ಏಳಲಾಗದಿದ್ದರೆ ಅಂಗಾತವೂ ಬೇಡ, ಬೋರಲೂ ಬೇಡ, ಮಗ್ಗುಲಾಗಿ ಮುದುರಿ ತಲೆಗೆ ಕೈ ಅಡ್ಡ ಇಡು ಎನ್ನುತ್ತಾರೆ. ಇಂಥ ಕಾರ್ಯಕ್ರಮವನ್ನು ಕಣ್ಣಾರೆ ಕಾಣದ ಮುದುಕ ಇದನ್ನೆಲ್ಲ ಹೇಳುವುದು ನಿನಗೆ ನಗೆಪಾಟಲು ಎನ್ನಿಸಬಹುದು. ನಕ್ಕು ಓದು, ಆದರೆ ಓದು.

ಇನ್ನೊಂದು, ಮರೆಯುವ ಮುಂಚೆ: ಒಳಗೆ ಹೋದ ಕೂಡಲೇ ಬಂದ ಬಾಗಿಲಲ್ಲದೆ ಬೇರೊಂದು ಬಾಗಿಲು ನೋಡಿಟ್ಟುಕೊ, ಎಲ್ಲರೂ ಬಂದ ದಾರಿಯಲ್ಲೇ ಹೊರಡುತ್ತಾರೆ. ಅಷ್ಟು ಜನ ಸೇರಿದ ಕಡೆ ಫೋನ್ ಸಿಗದೆ ಹೋಗಬಹುದು, ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ಗೆಳತಿಯರು ಮೊದಲೇ ಮಾತಾಡಿಕೊಳ್ಳಿ. ನೀರು ಕುಡಿ. ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತಿರಿ, ಕ್ಯಾಬ್ ಓಡಿಹೋಗುವುದಿಲ್ಲ. ಟಿಕೆಟ್ ಇಲ್ಲದೆ, ಒಳಗೆ ಬಿಡುತ್ತಾರಂತೆ ಎಂಬ ಮಾತು ನಂಬಿ, ಯಾವ ಗೇಟಿಗೂ ಹೋಗಬೇಡ.

ಮೆಟ್ರೋ ಹತ್ತುವಾಗಲೂ ಈಗ ಕೈ ಬೆವರುತ್ತದೆ ಎಂದಿದ್ದೀಯ. ಅದು ಹಾಗೇ ಉಳಿದರೆ ವೈದ್ಯರಿಗೆ ತೋರಿಸೋಣ, ಅದರಲ್ಲಿ ನಾಚಿಕೆಯೇನಿಲ್ಲ. ನನ್ನ ಕಾಲದಲ್ಲಿ ತೋರಿಸಬಹುದು ಎಂದೇ ಗೊತ್ತಿರಲಿಲ್ಲ.

ಅಮ್ಮನ ಹತ್ತಿರ ಭಾನುವಾರ ಮಾತಾಡುತ್ತೇನೆ. ಕಾಲಿನ ವಿಷಯವನ್ನು ನಾನು ಎತ್ತುವುದಿಲ್ಲ, ಅದನ್ನು ನೀನೇ ಹೇಳಬೇಕು, ನಾನು ಮಾತಾಡುವ ಮುಂಚೆಯೇ ಹೇಳಿದರೆ ಒಳ್ಳೆಯದು. ನೀವು ತೆಗೆದುಕೊಂಡಿರುವುದು ನಿಂತು ನೋಡುವ ಟಿಕೆಟ್ಟೋ ಕೂತು ನೋಡುವುದೋ ಎಂದು ಬರೆ. ಕೂರುವುದಕ್ಕೆ ಬದಲಿಸಲು ಆಗುವುದಾದರೆ ಹೆಚ್ಚಿಗೆ ಬೀಳುವ ಹಣ ನಾನು ಕೊಡುತ್ತೇನೆ, ನಿನ್ನ ಗೆಳತಿಯರಿಗೂ.

ಇತಿ,
ನಿನ್ನ ದೊಡ್ಡಪ್ಪ